ಖಾಲಿ ಕಾಡಿಗೆ ಬಂದದ್ದು ಯಾವ ಹಕ್ಕಿ?

ನಮಸ್ಕಾರ,

ನಿಮ್ಮ ‘ಖಾಲಿ ಕಾಡು ತುಂಬಿತು’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಖಾಲಿಯಾದ ಕಾಡಿಗೆ ಹಕ್ಕಿ ಬಂದು ನೆಲೆಸುವ ವಿಷಯ ಚೆನ್ನಾಗಿದೆ, ಅದಕ್ಕೇ ಕಾರಣ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಮುಂಜಾನೆಯ ಮಂಜು. ತೆಗೆದುಬಿಡಿ. ಹಕ್ಕಿ ಬರುವುದು ಮೂರನೇ ಪುಟಕ್ಕೆ. ಬಂದ ಮೇಲೂ ಅದು ಸುಮ್ನೆ ‘ಹಕ್ಕಿ’. ಗಂಡೋ ಹೆಣ್ಣೋ, ಎಳೆಯದೋ ಹಳೆಯದೋ, ಒಂದೂ ಗೊತ್ತಾಗುವುದಿಲ್ಲ. ಲೇಖನದ ಜೀವ ಇರುವುದೇ ಅಲ್ಲಿ, ಅಲ್ವಾ?

‘ಬಲಿಷ್ಠ ಹಿರಿಯ ಗಂಡು ಮೊದಲು ಬಂದು ಜಾಗ ಹಿಡಿಯುತ್ತದೆ’ ಎಂದಿದ್ದೀರಿ. ಸಾಮಾನ್ಯವಾಗಿ ಆಗುವುದು ಬೇರೆ. ಒಮ್ಮೆ ಗೂಡು ಕಟ್ಟಿ ಮರಿ ಮಾಡಿದ ಹಕ್ಕಿ ಆ ಜಾಗವನ್ನು ಸುಲಭಕ್ಕೆ ಬಿಡುವುದಿಲ್ಲ. ಜಾಸ್ತಿ ಅಲೆಯುವುದು ಎಳೆಯವು. ಇಂಗ್ಲೆಂಡಿನ ವೈಥಮ್ ಕಾಡಿನಲ್ಲಿ ಪ್ರಾಣಿವಿಜ್ಞಾನಿ ಜಾನ್ ಕ್ರೆಬ್ಸ್ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಜೋಡಿಗಳನ್ನು ಅವುಗಳ ನೆಲೆಯಿಂದ ತೆಗೆದು ನೋಡಿದರು. ಫಲಿತಾಂಶ 1971ರಲ್ಲಿ ಪ್ರಕಟವಾಯಿತು. ಜಾಗ ಬೇಗನೆ ಭರ್ತಿಯಾಗಿತ್ತು. ಬಂದವು ಹೆಚ್ಚಾಗಿ ಮೊದಲ ವರ್ಷದವು, ಕಾಡಿನ ಹೊರಗೆ ಬೇಲಿಸಾಲುಗಳಲ್ಲಿ ದಿನ ದೂಡುತ್ತಿದ್ದವು. ನೀವು ಇಲ್ಲಿಂದಲೇ ಶುರು ಮಾಡಬಹುದಿತ್ತು.

ಗುರುತನ್ನೂ ತೋರಿಸಿ. ಗ್ರೇಟ್ ಟಿಟ್‌ನ ಹೊಟ್ಟೆಯ ಕಪ್ಪು ಪಟ್ಟಿ ಗಂಡಿಗೆ ಅಗಲ, ಹೆಣ್ಣಿಗೆ ಸಪೂರ. ಎಳೆಯದಾದರೆ ರೆಕ್ಕೆಯಲ್ಲಿ ನೀಲಿ ಗರಿಗಳ ಪಕ್ಕ ಮಾಸಲು ಹಸಿರು ಗರಿ ಉಳಿದಿರುತ್ತವೆ. ಇಂಥ ಒಂದು ಸಾಲು ನಿಮ್ಮ ಮಂಜಿಗಿಂತ ವಾಸಿ.

ಹೆಣ್ಣಿಗೆ ನೀವು ಕೊಟ್ಟಿರುವುದು ಒಂದೇ ಸಾಲು: ‘ಗಂಡಿನ ಹಿಂದೆ ಬರುತ್ತದೆ’. ಆದರೆ ಹುಟ್ಟಿದ ಜಾಗದಿಂದ ಹೆಚ್ಚು ದೂರ ಹೋಗುವುದು ಬಹುತೇಕ ಹಕ್ಕಿಗಳಲ್ಲಿ ಹೆಣ್ಣೇ. ಸಸ್ತನಿಗಳಲ್ಲಿ ಇದು ಉಲ್ಟಾ. ಪ್ರಾಣಿವಿಜ್ಞಾನಿ ಪಾಲ್ ಗ್ರೀನ್‌ವುಡ್ 1980ರಲ್ಲೇ ಇದನ್ನು ವಿವರಿಸಿದ್ದರು. ಗಂಡು ನೆಲೆ ಹಿಡಿದು ಕಾಯಬೇಕು, ಅದಕ್ಕೆ ಪರಿಚಯದ ಜಾಗವೇ ಅನುಕೂಲ. ಹೆಣ್ಣು ನಾಲ್ಕಾರು ನೆಲೆ ನೋಡಿ ಆರಿಸುತ್ತದೆ. ದೂರ ಹೋದರೆ ಒಡಹುಟ್ಟಿದವುಗಳ ಜತೆ ಜೋಡಿಯಾಗುವುದೂ ತಪ್ಪುತ್ತದೆ. ಬಾತುಗಳು ಬೇರೆ ಥರ: ಎಷ್ಟೋ ಜಾತಿಗಳಲ್ಲಿ ಚಳಿಗಾಲದ ನೆಲೆಯಲ್ಲೇ ಜೋಡಿಯಾಗಿ, ಹೆಣ್ಣು ಹುಟ್ಟಿದ ಕಡೆಗೆ ಗಂಡು ಹೋಗುತ್ತದೆ. ಹಾಗಾಗಿ ನಿಮ್ಮ ‘ಎಲ್ಲ ಹಕ್ಕಿಗಳೂ’ ಎಂಬ ಮಾತು ಬೇಡ.

ಇನ್ನು ಕೊನೆಯ ಸಾಲು, ‘ಹಾಡು ಕೇಳಿತು, ಕಾಡು ತುಂಬಿತು’. ಚಪ್ಪಾಳೆಗೆಂದೇ ಬರೆದಂತಿದೆ. ಒಂಟಿಯಾಗಿ ಉಳಿದ ತುಂಡು ಕಾಡಿಗೆ ಹೆಣ್ಣು ಬಾರದೆ ಬರೀ ಗಂಡುಗಳೇ ಉಳಿಯುವುದುಂಟು. ಜೋಡಿ ಸಿಗದ ಗಂಡು ಇನ್ನೂ ಜಾಸ್ತಿ ಹಾಡುತ್ತದೆ. ನೀವು ಕೇಳಿದ್ದು ಅದೇ ಇರಬಹುದು. ಗೂಡು ಕಂಡಿತಾ? ಹುಳ ಕಚ್ಚಿಕೊಂಡು ಹೋಗುವ ಹೆಣ್ಣು ಕಂಡಿತಾ? ನಿಮ್ಮ ಟಿಪ್ಪಣಿಗಳಲ್ಲಿ ಹುಡುಕಿ. ಇದ್ದರೆ ಸೇರಿಸಿ. ಇಲ್ಲದಿದ್ದರೆ ಶೀರ್ಷಿಕೆ ಬದಲಿಸಿ, ಆಮೇಲೆ ಕಳಿಸಿ.

ಸಂಪಾದಕ