ಮುಳ್ಳು ಇಡುವ ಮುನ್ನ: ಜಾಝ್ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಜ್ಜ ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡ ಜಾಝ್ ಪ್ಲೇಟುಗಳು ಅಟ್ಟದ ಟ್ರಂಕಿನಲ್ಲಿ ಸಿಕ್ಕಿವೆ. ನಲವತ್ತರ ಹತ್ತಿರ ಇವೆ. ಕೆಲವು ದಪ್ಪ, ಕೆಲವು ತೆಳು. ಎಲ್ಲದರ ಮೇಲೂ ಬಿಳಿ ಬೂಷ್ಟು. ಹೊಸ ಟರ್ನ್‌ಟೇಬಲ್ ತಂದಿದ್ದೇನೆ. ಬಟ್ಟೆಯಲ್ಲಿ ಒರೆಸಿ ಹಾಕಬಹುದೇ? (ಮಂಗಳೂರು)

ಉತ್ತರ: ಬೇಡ. ತೊಳೆದು ಒಣಗಿಸುವ ತನಕ ಒಂದನ್ನೂ ಹಾಕಬೇಡಿ. ಗೆರೆಯೊಳಗೆ ಕೂತ ಧೂಳು, ಬೂಷ್ಟನ್ನು ಮುಳ್ಳು ಗೆರೆಯ ಗೋಡೆಗೆ ಅರೆದು ಮೆತ್ತುತ್ತದೆ. ಆಮೇಲೆ ಎಷ್ಟು ತೊಳೆದರೂ ಆ ಚಟಪಟ ಸದ್ದು ಹೋಗುವುದಿಲ್ಲ. ಒಣಬಟ್ಟೆಯಲ್ಲಿ ಒರೆಸಿದರೂ ಮಣ್ಣಿನ ಕಣ ಪ್ಲೇಟನ್ನು ಗೀರುತ್ತದೆ.

ಮೊದಲು ಎರಡು ರಾಶಿ ಮಾಡಿ. ದಪ್ಪಗೆ, ಭಾರವಾಗಿ, ಒಂಚೂರೂ ಬಾಗದ 10 ಇಂಚಿನವು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟುಗಳು. ಅವು ಅರಗಿನವು, ಕೈಜಾರಿದರೆ ಹಂಚಿನಂತೆ ಒಡೆಯುತ್ತವೆ. ತೆಳುವಾಗಿ ಸ್ವಲ್ಪ ಬಾಗುವವು ವಿನೈಲ್; ಲೇಬಲ್ ಮೇಲೆ 33⅓ ಎಂದಿರುತ್ತದೆ, ಇವನ್ನೇ ಎಲ್‌ಪಿ ಎನ್ನುವುದು. ಈ ವಿಂಗಡಣೆ ಏಕೆ ಮುಖ್ಯವೆಂದರೆ, ಬೂಷ್ಟಿಗೆ ಮದ್ದಾದ ಸ್ಪಿರಿಟ್ಟೇ ಅರಗಿಗೆ ವಿಷ. ಬಡಗಿ ಪಾಲಿಶ್ ಮಾಡಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುತ್ತಾನಲ್ಲ, ನಿಮ್ಮ 78ರ ಗೆರೆಗಳೂ ಹಾಗೆಯೇ ಕರಗುತ್ತವೆ.

ವಿನೈಲ್‌ಗೆ: 800 ಮಿ.ಲೀ. ಡಿಸ್ಟಿಲ್ಡ್ ವಾಟರ್, 200 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್, ಬಣ್ಣ ಪರಿಮಳ ಇಲ್ಲದ ಪಾತ್ರೆ ತೊಳೆಯುವ ದ್ರವ ನಾಲ್ಕೇ ಹನಿ. 78ಕ್ಕೆ ಆಲ್ಕೋಹಾಲ್ ಬಿಟ್ಟು ಉಳಿದದ್ದು. ನಲ್ಲಿ ಅಥವಾ ಬಾವಿ ನೀರು ಬಳಸಬೇಡಿ. ಆರಿದ ಮೇಲೆ ಅದರ ಸುಣ್ಣ ಗೆರೆಯಲ್ಲೇ ಉಳಿಯುತ್ತದೆ. ಕೆಲಸವನ್ನು ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ಮಾಡಿ. ಬೂಷ್ಟಿನ ಪುಡಿ ಉಸಿರಿಗೆ ಒಳ್ಳೆಯದಲ್ಲ, ಒಳಗೆ ಮಾಡಿದರೆ ಒಳ್ಳೆಯ ಪ್ಲೇಟಿಗೂ ಹಬ್ಬುತ್ತದೆ.

ಪ್ಲೇಟನ್ನು ದಪ್ಪ ಟವಲ್ ಮೇಲೆ ಮಲಗಿಸಿ. ನಡುವಿನ ಕಾಗದದ ಲೇಬಲ್ ಒದ್ದೆಯಾದರೆ ಬಣ್ಣ ಬಿಡುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇಡಿ. ದ್ರವವನ್ನು ಮೃದು ಬ್ರಷ್‌ನಿಂದ ಸವರಿ ಒಂದು ನಿಮಿಷ ಬಿಟ್ಟು, ಗೆರೆ ಸುತ್ತುವ ದಿಕ್ಕಿನಲ್ಲೇ ಉಜ್ಜಿ, ಅಡ್ಡಡ್ಡ ಉಜ್ಜಬೇಡಿ. ಕೊಳೆ ಮೇಲೆದ್ದ ನೀರನ್ನು ಮೈಕ್ರೋಫೈಬರ್ ಬಟ್ಟೆಯಿಂದ ಹೀರಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ಜಾಲಿಸಿ. ಈ ಜಾಲಿಸುವ ಕೆಲಸವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಉಳಿದ ಸೋಪು ಒಣಗಿ ಮುಳ್ಳಿಗೆ ಅಂಟುತ್ತದೆ, ಎರಡನೇ ಹಾಡಿಗೇ ಸದ್ದು ಮಂಕಾಗುತ್ತದೆ. ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಲ್ಲಿ ಆರಿಸಿ. ಬಿಸಿಲಿಗೆ ಇಟ್ಟರೆ ವಿನೈಲ್ ಹಪ್ಪಳದಂತೆ ಸೊಟ್ಟಗಾಗುತ್ತದೆ. 78ನ್ನು ನೆನೆಹಾಕಬೇಡಿ, ತೊಳೆದ ಕೂಡಲೇ ಒರೆಸಿ.

ಹಳೆಯ ಒಳಚೀಲಗಳನ್ನು ಎಸೆಯಿರಿ, ಬೂಷ್ಟಿನ ಬೀಜ ಅಲ್ಲೇ ಇದೆ. ಹೊಸವನ್ನು ಕೊಳ್ಳುವಾಗ ಪಾಲಿಥೀನ್ ಚೀಲ ಕೇಳಿ. ಮೆತ್ತಗೆ ಅಂಟಂಟಾಗಿರುವ ಪಿವಿಸಿ ಚೀಲ ವರ್ಷಗಳಲ್ಲಿ ವಿನೈಲ್ ಮೇಲೆ ಮಂಜಿನಂತಹ ಕಲೆ ಬಿಡುತ್ತದೆ, ಅದು ಹೋಗುವುದಿಲ್ಲ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನೆಟ್ಟಗೆ ಇಡಿ. ಕರಾವಳಿಯ ಮಳೆಗಾಲಕ್ಕೆ ಕಪಾಟಿನಲ್ಲಿ ಸಿಲಿಕಾ ಜೆಲ್ ಇರಲಿ, ಕಪಾಟು ಹೊರಗೋಡೆಗೆ ತಾಗದಿರಲಿ.

ಇನ್ನು ಮುಳ್ಳು. 78ರ ಗೆರೆ ಅಗಲ. ಅದಕ್ಕೆ ಸುಮಾರು 75 ಮೈಕ್ರಾನಿನ ತುದಿ ಬೇಕು. ಎಲ್‌ಪಿಯ ಮುಳ್ಳು ಸುಮಾರು 18 ಮೈಕ್ರಾನಿನದು. ಅದನ್ನು 78ಕ್ಕೆ ಇಟ್ಟರೆ ಗೆರೆಯ ತಳದ ಕೊಳೆಯಲ್ಲಿ ತೇಲಾಡಿ ಗರಗರ ಸದ್ದನ್ನಷ್ಟೇ ಎತ್ತಿಕೊಡುತ್ತದೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಮುಳ್ಳು ಇಟ್ಟುಕೊಳ್ಳಿ. ಮುಳ್ಳು ಪ್ಲೇಟಿನ ಮೇಲೆ ಊರುವ ಭಾರವನ್ನು, ಮುಳ್ಳು ಕೂರುವ ಕಾರ್ಟ್ರಿಜ್‌ನ ತಯಾರಕರು ಹೇಳಿದಷ್ಟೇ ಇಡಿ; ಎಲ್‌ಪಿಗೆ ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ಕಡಿಮೆ ಇಟ್ಟರೆ ಪ್ಲೇಟಿಗೆ ಒಳ್ಳೆಯದೆಂಬುದು ತಪ್ಪು. ಹಗುರ ಮುಳ್ಳು ಗೆರೆಯೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ, ಟ್ರಂಪೆಟ್ ಏರುವ ಕಡೆಗಳಲ್ಲಿ ಹರಿದ ಸದ್ದು ಬರುತ್ತದೆ.

ಪ್ರಶ್ನೆ: ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಹಳೆಯ ಎಲ್‌ಪಿ ಹಾಕಿಕೊಂಡು ಗಿಟಾರ್ ಅಭ್ಯಾಸ ಮಾಡುತ್ತೇನೆ. ಟ್ಯೂನರ್ ನೋಡಿ ಶ್ರುತಿ ಮಾಡಿದರೂ ಮೊದಲ ಬದಿಗೆ ಕೂಡುವುದಿಲ್ಲ, ಎರಡನೇ ಬದಿಗೆ ಕೂಡುತ್ತದೆ. ಟರ್ನ್‌ಟೇಬಲ್ ಕೆಟ್ಟಿದೆಯೇ? (ಶಿವಮೊಗ್ಗ)

ಉತ್ತರ: ಟರ್ನ್‌ಟೇಬಲ್ ಕೆಟ್ಟಿದ್ದರೆ ಎರಡು ಬದಿಯೂ ತಪ್ಪಬೇಕಿತ್ತು. ನಿಮ್ಮ ಕಿವಿ ಸರಿಯಾಗಿದೆ. ಮೊದಲ ಬದಿಯ ಮೂರೂ ರಚನೆಗಳ ಧ್ವನಿಮುದ್ರಣ ನ್ಯೂಯಾರ್ಕಿನಲ್ಲಿ 1959ರ ಮಾರ್ಚ್ 2ರಂದು ನಡೆಯಿತು. ಆ ದಿನ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತು. ನಿಧಾನವಾಗಿ ಹಿಡಿದದ್ದನ್ನು ಸರಿ ವೇಗದಲ್ಲಿ ನುಡಿಸಿದಾಗ ಶ್ರುತಿ ಮೇಲೇರಿತು, ಅರ್ಧಸ್ವರಕ್ಕಿಂತ ಕಡಿಮೆ, ಆದರೆ ಜೊತೆಗೆ ನುಡಿಸುವವರಿಗೆ ಸಾಕಷ್ಟು. ಏಪ್ರಿಲ್ 22ರ ಧ್ವನಿಮುದ್ರಣದಲ್ಲಿ ಆ ದೋಷವಿಲ್ಲ, ಅದೇ ನಿಮ್ಮ ಎರಡನೇ ಬದಿ. ಜೊತೆಗೆ ಓಡುತ್ತಿದ್ದ ಮತ್ತೊಂದು ಯಂತ್ರದ ಟೇಪಿನಿಂದ 1992ರಲ್ಲಿ ಇದನ್ನು ಸರಿಪಡಿಸಿದರು. ಅದಕ್ಕೂ ಹಿಂದಿನ ಪ್ಲೇಟಾದರೆ ಗಿಟಾರನ್ನೇ ತುಸು ಏರಿಸಿ, ಅಥವಾ ಟರ್ನ್‌ಟೇಬಲ್‌ನಲ್ಲಿ ಪಿಚ್ ಕಂಟ್ರೋಲ್ (ವೇಗ ತಿದ್ದುವ ಗುಂಡಿ) ಇದ್ದರೆ ಇಳಿಸಿ.

ವೇಗದ ಅನುಮಾನ ತೀರಬೇಕೆಂದರೆ ಸ್ಟ್ರೋಬ್ ತಟ್ಟೆ ಇಟ್ಟು ನೋಡಿ. ಅದರ ಸುತ್ತ ಅಚ್ಚಾದ ಗೆರೆಗಳು, ವೇಗ ಸರಿಯಿದ್ದರೆ, ಕರೆಂಟ್ ದೀಪದ ಮಿನುಗಿನಲ್ಲಿ ನಿಂತಂತೆ ಕಾಣುತ್ತವೆ. ನಮ್ಮ 50 ಹರ್ಟ್ಸ್ ಕರೆಂಟಿಗೆ 33⅓ರ ಸಾಲಿನಲ್ಲಿ 180 ಗೆರೆಗಳಿರಬೇಕು. ಅಮೆರಿಕದಿಂದ ತಂದದ್ದರಲ್ಲಿ 216 ಇರುತ್ತವೆ, ಅದು ಇಲ್ಲಿ ಸುಳ್ಳು ಹೇಳುತ್ತದೆ. ಮಿನುಗದ ಎಲ್‌ಇಡಿ ಬೆಳಕಿನಲ್ಲಿ ಗೆರೆ ನಿಂತಂತೆ ಕಾಣುವುದೇ ಇಲ್ಲ. ಕರೆಂಟಿನ ಹಳೆಯ ನಿಯಾನ್ ಇಂಡಿಕೇಟರ್ ದೀಪ ಸಾಕು.

ಪ್ರಶ್ನೆ: ಅಮೆರಿಕದ ಜಾಝ್ ಪ್ಲೇಟು ಕಂಪನಿ ಬ್ಲೂ ನೋಟ್‌ನ ‘ಮೂಲ ಮುದ್ರಣ’ ಎಂದು ಒಬ್ಬರು ದುಬಾರಿ ಬೆಲೆ ಹೇಳುತ್ತಿದ್ದಾರೆ. ಲೇಬಲ್ ಫೋಟೊ ಕಳಿಸಿದ್ದಾರೆ. ನಂಬಬಹುದೇ? (ಬೆಂಗಳೂರು)

ಉತ್ತರ: ಲೇಬಲ್ ಫೋಟೊ ಸಾಲದು. ಹಾಡು ಮುಗಿದು ಲೇಬಲ್ ಶುರುವಾಗುವ ನಡುವೆ ಗೆರೆಯಿಲ್ಲದ ಪಟ್ಟಿ ಇದೆಯಲ್ಲ, ಅದರ ಫೋಟೊ ಕೇಳಿ. ಪ್ಲೇಟನ್ನು ದೀಪಕ್ಕೆ ಓರೆ ಹಿಡಿದು ತೆಗೆಯಲು ಹೇಳಿ, ಎರಡೂ ಬದಿಯದು.

ಅಲ್ಲಿ ಎರಡು ಗುರುತು ಹುಡುಕಬೇಕು. ಒಂದು, ‘ಆರ್‌ವಿಜಿ’ ಅಥವಾ ‘ವ್ಯಾನ್ ಗೆಲ್ಡರ್’. ರೂಡಿ ವ್ಯಾನ್ ಗೆಲ್ಡರ್ ಹಗಲು ಕಣ್ಣು ಪರೀಕ್ಷೆ ಮಾಡಿ, ಉಳಿದ ಹೊತ್ತಿನಲ್ಲಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನ ತಂದೆತಾಯಿಯ ಮನೆಯ ನಡುಮನೆಯಲ್ಲಿ ಧ್ವನಿಮುದ್ರಿಸುತ್ತಿದ್ದವರು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದರು. ಅಚ್ಚಿನ ಮೂಲ ತಟ್ಟೆಯನ್ನೂ ಅವರೇ ಕೊರೆಯುತ್ತಿದ್ದರಿಂದ ಆ ಅಕ್ಷರಗಳಿಗೆ ಬೆಲೆ. ಎರಡನೆಯದು ಪುಟ್ಟ ಸುರುಳಿಯಂತಹ ಗೀಚು. ಪ್ಲಾಸ್ಟಿಲೈಟ್ ಎಂಬ ಒತ್ತುವ ಕಾರ್ಖಾನೆಯ ‘ಪಿ’ ಅಕ್ಷರ ಅದು, ಮಗ್ಗುಲಾಗಿ ನೋಡಿದರೆ ಮನುಷ್ಯನ ಕಿವಿಯ ಹಾಗೆ ಕಾಣುತ್ತದೆ. ಸಂಗ್ರಾಹಕರು ಅದನ್ನು ಕಿವಿ ಎಂದೇ ಕರೆಯುತ್ತಾರೆ. ಕಿವಿ ಇದ್ದರೆ ಅದು ಸುಮಾರು 1966ಕ್ಕೆ ಮೊದಲಿನ ಒತ್ತು.

ಲೇಬಲ್ ಮೇಲಿನ ವಿಳಾಸವೂ ಕಾಲ ಹೇಳುತ್ತದೆ: ಮೊದಲು ಲೆಕ್ಸಿಂಗ್ಟನ್ ಅವೆನ್ಯೂ, ಆಮೇಲೆ 47 ವೆಸ್ಟ್ 63ನೇ ಬೀದಿ, ಅರವತ್ತರ ದಶಕದ ಮೊದಲ ಭಾಗದಿಂದ ‘ನ್ಯೂಯಾರ್ಕ್ ಯುಎಸ್ಎ’, ಕಂಪನಿ ಲಿಬರ್ಟಿ ಎಂಬ ಇನ್ನೊಂದು ಕಂಪನಿಗೆ ಮಾರಾಟವಾದ ಮೇಲೆ ‘ಲಿಬರ್ಟಿಯ ವಿಭಾಗ’. ಮೋಸ ಹೋಗುವುದು ಮೂರನೆಯದರಲ್ಲಿ. ಲಿಬರ್ಟಿಯವರು ಉಳಿದಿದ್ದ ‘ನ್ಯೂಯಾರ್ಕ್ ಯುಎಸ್ಎ’ ಲೇಬಲ್‌ಗಳನ್ನೇ ತಮ್ಮ ಹೊಸ ಒತ್ತುಗಳಿಗೂ ಅಂಟಿಸಿದರು. ಲೇಬಲ್ ಹಳೆಯದು, ಕಿವಿ ಇಲ್ಲ. ಮಾರುವವರಿಗೇ ಇದು ಗೊತ್ತಿಲ್ಲದಿರಬಹುದು, ಜಗಳ ಮಾಡದೆ ಬೆಲೆ ಇಳಿಸಲು ಹೇಳಿ.

ಕಪಾಟಿನಲ್ಲಿಡಲು ಅಲ್ಲ, ಕೇಳಲು ಬೇಕೆಂದಾದರೆ ಬ್ಲೂ ನೋಟ್‌ನವರೇ 2019ರಿಂದ ಹೊರತರುತ್ತಿರುವ ಟೋನ್ ಪೊಯೆಟ್ ಸರಣಿಯ ಮರುಮುದ್ರಣ ತೆಗೆದುಕೊಳ್ಳಿ. ಸವೆದ ಮೂಲ ಮುದ್ರಣಕ್ಕಿಂತ ಅದರಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಎಷ್ಟೋ ಸ್ಪಷ್ಟ.

ಪ್ರಶ್ನೆ: ಜಾಝ್‌ಗೂ ನಮ್ಮ ಕರ್ನಾಟಕಕ್ಕೂ ಸಂಬಂಧ ಇರುವ ಪ್ಲೇಟು ಯಾವುದಾದರೂ ಇದೆಯೇ? (ಹಾಸನ)

ಉತ್ತರ: ಇದೆ. ಜರ್ಮನಿಯ ಇಸಿಎಂ ಕಂಪನಿಯ ‘ಜ್ಯೋತಿ’, 1983. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಡನೆ ನುಡಿಸಿದ್ದು; ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ. ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೇನೆ. ಜಾಝ್ ಜಾಮ್ ಸೆಷನ್‌ನಲ್ಲಿ (ವಾದಕರು ಬಂದು ಸೇರಿ ನುಡಿಸುವ ಕೂಟ) ಒಮ್ಮೆ ನುಡಿಸಲು ಹೋದರೆ ನಡುವೆಯೇ ದಾರಿ ತಪ್ಪಿತು. ಎಲ್ಲಿಂದ ಶುರು ಮಾಡಲಿ? (ಮೈಸೂರು)

ಉತ್ತರ: ಹನ್ನೆರಡು ಬಾರ್‌ನ ಬ್ಲೂಸ್‌ನಿಂದ ಶುರು ಮಾಡಿ, ಎಫ್‌ನಲ್ಲಿ. ಬಾರ್ ಎಂದರೆ ನಾಲ್ಕು ಎಣಿಕೆಯ ಒಂದು ತುಂಡು. ಆಲ್ಟೊ ಇ ಫ್ಲಾಟ್ ವಾದ್ಯ. ಪಿಯಾನೊದವರು ಎಫ್ ಎಂದರೆ ನೀವು ಡಿ ಹಿಡಿಯಬೇಕು, ಬಿ ಫ್ಲಾಟ್ ಎಂದರೆ ಜಿ. ಇದು ಯೋಚಿಸದೆ ಬರಬೇಕು.

ಇಡೀ ಹನ್ನೆರಡು ಬಾರನ್ನು 48 ಎಣಿಕೆಯ ಒಂದು ಆವರ್ತನವೆಂದುಕೊಳ್ಳಿ. ಅದು ಎಂದೂ ನಿಲ್ಲುವುದಿಲ್ಲ, ನೀವು ಸುಮ್ಮನಿದ್ದರೂ ಸುತ್ತುತ್ತಲೇ ಇರುತ್ತದೆ. ನಿಮ್ಮಂತೆ ಕಲಿತವರು ದಾರಿ ತಪ್ಪಲು ಕಾರಣ ಸಾಮಾನ್ಯವಾಗಿ ಎರಡು. ಮೊದಲನೆಯದು, ಅಲ್ಲಿ ತಂಬೂರಿ ಇಲ್ಲ. ಆಧಾರ ಸ್ವರವೇ ಜಾಗ ಬದಲಿಸುತ್ತದೆ. ಎಫ್ ಅನ್ನು ಷಡ್ಜ ಎಂದಿಟ್ಟುಕೊಳ್ಳಿ. ಮೊದಲ ನಾಲ್ಕು ಬಾರ್ ಅಂತರ ಗಾಂಧಾರ, ಕೈಶಿಕಿ ನಿಷಾದ. ಐದನೇ ಬಾರ್‌ಗೆ ಪಿಯಾನೊದ ಸ್ವರಮೇಳ (ಕಾರ್ಡ್) ಮಧ್ಯಮಕ್ಕೆ ಹೋಗುತ್ತದೆ. ಆ ಕ್ಷಣ ನಿಮ್ಮ ಗಾಂಧಾರ ಸಾಧಾರಣವಾಗಬೇಕು. ಅಂತರ ಗಾಂಧಾರದಲ್ಲೇ ನಿಂತು ಗಮಕ ಹಾಕಿದರೆ ಪಿಯಾನೊಗೆ ಡಿಕ್ಕಿ. ಏಳನೇ ಬಾರ್‌ಗೆ ಮತ್ತೆ ಅಂತರ. ಒಂಬತ್ತಕ್ಕೆ ಸ್ವರಮೇಳ ಪಂಚಮದ ಮೇಲೆ, ಆಗ ನಿಷಾದ ಕಾಕಲಿ. ಹತ್ತಕ್ಕೆ ಮಧ್ಯಮ, ಹನ್ನೊಂದಕ್ಕೆ ಮನೆ, ಅಂದರೆ ಮತ್ತೆ ಷಡ್ಜ. ಒಂದು ವಾರ ಬೇರೇನೂ ನುಡಿಸದೆ ಈ ಬದಲಾಗುವ ಗಾಂಧಾರ, ನಿಷಾದಗಳನ್ನಷ್ಟೇ ಬಾರ್‌ಗೆ ಒಂದರಂತೆ ದೀರ್ಘವಾಗಿ ಊದಿ. ಆವರ್ತನ ಕಿವಿಗೆ ಹತ್ತುತ್ತದೆ.

ಎರಡನೆಯದು ತಾಳ. ನಮ್ಮ ಕೈ ಸಮದ ಮೇಲೆ ಬೀಳುತ್ತದೆ. ಅಲ್ಲಿ ಡ್ರಮ್ಮರ್‌ನ ಹೈಹ್ಯಾಟ್ ‘ಚಿಕ್’ ಎನ್ನುವುದು 2 ಮತ್ತು 4ರ ಮೇಲೆ. ಅದನ್ನು ಸಮವೆಂದು ತಿಳಿದರೆ ಒಂದು ಎಣಿಕೆ ಜಾರಿತು, ಮುಂದೆ ಎಲ್ಲವೂ ತಪ್ಪು. ಮೆಟ್ರೊನೋಮನ್ನು 60ಕ್ಕಿಟ್ಟು ಪ್ರತಿ ಟಿಕ್ ಅನ್ನೂ 2 ಮತ್ತು 4 ಎಂದು ಎಣಿಸಿ. ಆಗ ನುಡಿಸುವ ಗತಿ 120.

ವೇದಿಕೆಯಲ್ಲಿ ಮೊದಲು ಹಾಡಿನ ಮೂಲ ಮಟ್ಟನ್ನು ಎರಡು ಸಲ ಎಲ್ಲರೂ ಕೂಡಿ ನುಡಿಸುತ್ತಾರೆ. ನಿಮ್ಮ ಸರದಿಗೆ ಎರಡು ಅಥವಾ ಮೂರು ಆವರ್ತನ ಸಾಕು, ಹೊಸಬರು ಹತ್ತು ಎಳೆದರೆ ಮುಂದಿನ ವಾರ ಕರೆಯುವುದಿಲ್ಲ. ಮುಕ್ತಾಯ ಹಾಕಿದರೆ ಆವರ್ತನದ ತಲೆಗೇ ತಂದು ಬೀಳಿಸಿ. ಆಮೇಲೆ ಡ್ರಮ್ಸ್ ಜೊತೆ ನಾಲ್ಕು ನಾಲ್ಕು ಬಾರ್‌ಗಳ ಸವಾಲ್ ಜವಾಬ್. ಹನ್ನೆರಡರಲ್ಲಿ ಮೂರು ನಾಲ್ಕು ಇರುವುದರಿಂದ ಮೊದಲ ಸುತ್ತಿನಲ್ಲಿ ನೀವು, ಡ್ರಮ್ಸ್, ನೀವು. ಎರಡನೇ ಸುತ್ತಿನಲ್ಲಿ ಡ್ರಮ್ಸ್, ನೀವು, ಡ್ರಮ್ಸ್. ಇಲ್ಲಿ ಎಣಿಕೆ ಬಿಟ್ಟವರೇ ಹೆಚ್ಚು. ತಂಡದ ನಾಯಕ ತಲೆ ಮುಟ್ಟಿಕೊಂಡರೆ ಮೂಲ ಮಟ್ಟಿಗೆ ಮರಳಿ ಎಂದರ್ಥ. ದಾರಿ ತಪ್ಪಿದರೆ ಊದುವುದನ್ನು ನಿಲ್ಲಿಸಿ, ಬೇಸ್ ವಾದ್ಯದ ಕಡೆ ಕಿವಿ ಕೊಡಿ, ಒಂದನೇ ಬಾರ್ ಬಂದಾಗ ಸೇರಿಕೊಳ್ಳಿ.

ಪ್ರಶ್ನೆ: ಮಗಳ ಮನೆಗೆ ನ್ಯೂಜೆರ್ಸಿಗೆ ಬಂದಿದ್ದೇವೆ. ನ್ಯೂಯಾರ್ಕಿನ ಒಂದು ಹಳೆಯ ಜಾಝ್ ಕ್ಲಬ್ ನೋಡಬೇಕೆಂಬ ಆಸೆ. ನಾವಿಬ್ಬರೂ ಕುಡಿಯುವುದಿಲ್ಲ. ಹೋಗಬಹುದೇ? (ಜೆರ್ಸಿ ಸಿಟಿ)

ಉತ್ತರ: ಖಂಡಿತ ಹೋಗಿ. ಒಂದೇ ಕಡೆ ಹೋಗುವುದಾದರೆ ಗ್ರೀನಿಚ್ ವಿಲೇಜ್‌ನ ವಿಲೇಜ್ ವ್ಯಾನ್‌ಗಾರ್ಡ್. 1935ರಲ್ಲಿ ಮ್ಯಾಕ್ಸ್ ಗಾರ್ಡನ್ ಶುರುಮಾಡಿದ್ದು. ಕಡಿದಾದ ಮೆಟ್ಟಿಲಿಳಿದು ಹೋಗುವ ನೆಲಮಾಳಿಗೆ, ಮಂಡಿನೋವಿದ್ದರೆ ಕೈಕಂಬಿ ಹಿಡಿದು ನಿಧಾನ ಇಳಿಯಿರಿ. ಒಳಗೆ 123 ಜನಕ್ಕಷ್ಟೇ ಜಾಗ, ಆದ್ದರಿಂದ ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಒಬ್ಬೊಬ್ಬರೂ ಒಂದು ಪಾನೀಯ ಕೊಳ್ಳಬೇಕೆಂಬ ನಿಯಮವಿದೆ. ಹಣ್ಣಿನ ರಸವೋ ಸೋಡಾವೋ ಆದರೂ ನಡೆಯುತ್ತದೆ. ಅಡುಗೆ ಇಲ್ಲ, ಊಟ ಮುಗಿಸಿಯೇ ಹೋಗಿ. ಬಿಲ್ ಮೇಲೆ ಶೇ 20ರಷ್ಟು ಟಿಪ್ ಅಲ್ಲಿನ ರೂಢಿ.

ನುಡಿಸುವಾಗ ಮಾತು, ಫೋನು, ಫೋಟೊ ಯಾವುದೂ ಸಲ್ಲದು. ಪಿಯಾನೊ ವಾದಕ ಬಿಲ್ ಇವಾನ್ಸ್ ತಮ್ಮ ಮೂವರ ತಂಡದೊಡನೆ 1961ರ ಜೂನ್ 25ರ ಭಾನುವಾರ ಅಲ್ಲಿ ನುಡಿಸಿದ್ದು ಪ್ಲೇಟಾಗಿ ಬಂದಿದೆ. ಗಾಜಿನ ಲೋಟಗಳ ಟಣಟಣ, ಯಾರದೋ ಮಾತು ಅದರಲ್ಲಿ ಇಂದಿಗೂ ಕೇಳುತ್ತವೆ. ಬೇಸ್ ನುಡಿಸಿದ ಸ್ಕಾಟ್ ಲಫಾರೊ ಹನ್ನೊಂದೇ ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡರು. ಹೋಗುವ ಮುನ್ನ ಅದನ್ನೊಮ್ಮೆ ಕೇಳಿ, ಆ ಕೋಣೆಯ ಸದ್ದಿನ ಪರಿಚಯವಾಗಿರುತ್ತದೆ. ದೊಡ್ಡ ಮೇಳ ಇಷ್ಟವಾದರೆ ಸೋಮವಾರ ಹೋಗಿ. 1966ರಿಂದ ಸೋಮವಾರ ರಾತ್ರಿ ಅಲ್ಲಿನ ಆರ್ಕೆಸ್ಟ್ರಾದ್ದು.

ಜೆರ್ಸಿ ಸಿಟಿಯಿಂದ ಪಾತ್ ರೈಲು ಹತ್ತಿ ಕ್ರಿಸ್ಟೋಫರ್ ಬೀದಿಯಲ್ಲಿಳಿದರೆ ನಡೆದೇ ಹೋಗಬಹುದು. ಆ ರಾತ್ರಿಯ ಮೊದಲ ಸೆಟ್‌ಗೇ (ಮೊದಲ ಪ್ರದರ್ಶನಕ್ಕೇ) ಟಿಕೆಟ್ ತೆಗೆದುಕೊಳ್ಳಿ, ಹಿಂದಿರುಗುವಾಗ ರೈಲಿಗೆ ಬಹಳ ಕಾಯಬೇಕಾಗುವುದಿಲ್ಲ. ಇನ್ನೂ ಕೇಳುವ ಹುಮ್ಮಸ್ಸಿದ್ದರೆ ಕೂಗಳತೆಯಲ್ಲಿ, ವೆಸ್ಟ್ 10ನೇ ಬೀದಿಯಲ್ಲಿ, ಸ್ಮಾಲ್ಸ್ ಎಂಬ ಇನ್ನೊಂದು ನೆಲಮಾಳಿಗೆ ಇದೆ. ತಡರಾತ್ರಿ ಅಲ್ಲಿ ಜಾಮ್ ಸೆಷನ್. ಮೇಲಿನ ಮೈಸೂರಿನ ಓದುಗರಿಗೆ ಹೇಳಿದ ನಾಲ್ಕು ನಾಲ್ಕು ಬಾರ್‌ಗಳ ಸವಾಲ್ ಜವಾಬನ್ನು ಬೆರಳೆಣಿಸುತ್ತಾ ಕೇಳಬಹುದು.