ಫರಸಿ ಕಲ್ಲಿನೊಳಗೆ ಜರಿಗಿಡ ಬೆಳೆದಿದೆಯಾ?

ಪ್ರಶ್ನೆ: ಸರ್, ಕಟ್ಟೆಗೆ ಹಾಕಿಸಲು ಶಹಾಬಾದ್ ಫರಸಿ ತರಿಸಿದ್ದೆವು. ಇಳಿಸುವಾಗ ಒಂದು ಕಲ್ಲು ಸೀಳಿ ಎರಡು ಹಾಳೆಯಾಯಿತು. ಒಳಗೆ ಎರಡೂ ಕಡೆ ಕಪ್ಪನೆಯ ಗಿಡ, ಥೇಟ್ ಜರಿಗಿಡದ ಎಲೆ! ಮಗಳು ಪಳೆಯುಳಿಕೆ ಅಂತಾಳೆ, ಗೌಂಡಿ ಸುಮ್ನೆ ಕಲೆ ಅಂತಾರೆ. ಯಾರದು ಸರಿ?
(ಓದುಗರು, ಚಿತ್ತಾಪುರ)

ಉತ್ತರ: ಗೌಂಡಿ ಗೆದ್ದರು. ನಮ್ಮ ಮನೆಯ ಹೊಸ್ತಿಲ ಹತ್ತಿರದ ಫರಸಿಯಲ್ಲೂ ಇಂಥದ್ದೊಂದು ಇದೆ, ನಾನೂ ಚಿಕ್ಕವನಿದ್ದಾಗ ಗಿಡವೇ ಅಂದುಕೊಂಡಿದ್ದೆ. ಕಲ್ಲಿನ ಸಣ್ಣ ಬಿರುಕಿನೊಳಗೆ ಮ್ಯಾಂಗನೀಸ್ ಕರಗಿದ ನೀರು ಇಳಿಯುತ್ತದೆ, ಆ ಮ್ಯಾಂಗನೀಸ್ ಅಲ್ಲೇ ಕಪ್ಪಗೆ ಕೂತು, ಕವಲು ಮೇಲೆ ಕವಲು ಒಡೆಯುತ್ತಾ ಹೋಗುತ್ತದೆ. ಇದಕ್ಕೆ ಡೆಂಡ್ರೈಟ್ ಅಂತ ಹೆಸರು.

ಒಂದು ಕರಿಬೇವಿನ ಎಸಳು ತಂದು ಪಕ್ಕದಲ್ಲಿಟ್ಟು ನೋಡಿ. ನಡುವೆ ಒಂದು ದಂಟು, ಆಚೀಚೆ ಹೆಚ್ಚೂಕಡಿಮೆ ಒಂದೇ ಅಳತೆಯ ಎಲೆ, ಎಲೆಯೊಳಗೆ ನರ. ನಿಮ್ಮ ಕಲ್ಲಿನ ಗಿಡಕ್ಕೆ ನರವೂ ಇಲ್ಲ, ಎಲೆಯ ಅಂಚೂ ಇಲ್ಲ. ಬಿರುಕಿನ ಗೆರೆಯಿಂದ ಹೊರಟು ಜಾಗ ಸಿಕ್ಕ ಕಡೆಗೆಲ್ಲ ಹರಡಿದೆ, ಅಲ್ವಾ?

ಇದಕ್ಕಿಂತ ಗಟ್ಟಿ ಸಾಕ್ಷಿ ಕಲ್ಲಿನ ವಯಸ್ಸು. ಶಹಾಬಾದ್ ಸುಣ್ಣದಕಲ್ಲು ಸಮುದ್ರದ ತಳದಲ್ಲಿ ಕೂತದ್ದು, 54 ಕೋಟಿ ವರ್ಷಕ್ಕೂ ಹಳೆಯದು. ಜರಿಗಿಡ ಹುಟ್ಟಿ 40 ಕೋಟಿ ವರ್ಷವೂ ಆಗಿಲ್ಲ. ಆ ಕಾಲದಲ್ಲಿ ನೆಲದ ಮೇಲೆ ಗಿಡವೇ ಇರಲಿಲ್ಲ ಅಂದಮೇಲೆ ಎಲೆ ಎಲ್ಲಿಂದ ಬರಬೇಕು?

ಮಗಳಿಗೆ ಬೇಜಾರಾಗದಿರಲಿ. ಇದೇ ಭೀಮಾ ಕಣಿವೆಯ ಹಳೆಯ ಜೇಡಿ ಪದರಗಳಲ್ಲಿ ಚೂವಾರಿಯಾ ಅನ್ನುವ ನಿಜವಾದ ಪಳೆಯುಳಿಕೆ ಸಿಕ್ಕಿದೆ. ನೋಡೋಕೆ ಏನೂ ಇಲ್ಲ, ಸಾಸಿವೆ ಕಾಳಿನಷ್ಟೋ ಸ್ವಲ್ಪ ಜಾಸ್ತಿಯೋ ಇರುವ ಕಪ್ಪು ಬಿಲ್ಲೆ. ಚಂದದ ಗಿಡ ಕಂಡು ಕುಣಿಯುವವರು ಇದನ್ನು ಧೂಳು ಅಂತ ಒರೆಸಿಬಿಡುತ್ತಾರೆ.

ಪ್ರಶ್ನೆ: ಹೊಲದಲ್ಲಿ ಬಾವಿ ತೋಡುವಾಗ ತೆಂಗಿನಕಾಯಿ ಗಾತ್ರದ ದುಂಡು ಕಲ್ಲು ಸಿಕ್ಕವು, ಸಿಪ್ಪೆ ಸುಲಿಯುತ್ತವೆ. ಡೈನೋಸಾರ್ ಮೊಟ್ಟೆ ಅಂತ ಊರೆಲ್ಲ ಸುದ್ದಿ. ಹೌದಾ?
(ಓದುಗರು, ಬಸವಕಲ್ಯಾಣ)

ಉತ್ತರ: ಎಷ್ಟು ಸಿಪ್ಪೆ ಸುಲಿದವು, ಎಣಿಸಿದಿರಾ? ಉಳ್ಳಾಗಡ್ಡಿ ಥರ ಒಂದರೊಳಗೊಂದು ಬರುತ್ತಿದ್ದರೆ ಅದು ಕರಿಕಲ್ಲು. ನಿಮ್ಮ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಬಿರುಕು ಬಿಟ್ಟ ಬಂಡೆಯ ಮೂಲೆಗಳನ್ನು ನೀರು ಮೊದಲು ತಿನ್ನುತ್ತದೆ, ಕೊನೆಗೆ ಗುಂಡು ಉಳಿಯುತ್ತದೆ. ಮೊಟ್ಟೆಯಾದರೆ ಚಿಪ್ಪು ಒಂದೇ, ಒಂದೆರಡು ಮಿಲಿಮೀಟರ್ ದಪ್ಪ, ಲೆನ್ಸ್ ಹಿಡಿದರೆ ಮೇಲೆ ಸಣ್ಣ ಗುಬ್ಬಿ, ರಂಧ್ರ ಕಾಣಬೇಕು.

ಕುದಿಯುವ ಲಾವಾದೊಳಗೆ ಮೊಟ್ಟೆ ಉಳಿಯುವುದಿಲ್ಲ ಬಿಡಿ. ಆದರೆ ಒಂದು ಲಾವಾ ಹರಿದು ಮುಂದಿನದು ಬರುವ ನಡುವೆ ಕೆರೆಗಳಾಗುತ್ತಿದ್ದವು. ಅಂಥ ಕೆರೆಯ ಕೆಸರಿನಲ್ಲಿ, ಯಾದಗಿರಿ ಜಿಲ್ಲೆಯ ಗುರುಮಠಕಲ್ ಹತ್ತಿರ, ಸಿಹಿನೀರಿನ ಪುಟ್ಟ ಚಿಪ್ಪುಜೀವಿಗಳ ಪಳೆಯುಳಿಕೆ ಸಿಕ್ಕಿವೆ. ಹಾಗಾಗಿ ನಿಮ್ಮ ಬಾವಿಯಲ್ಲಿ ಎರಡು ಕರಿಕಲ್ಲಿನ ಪದರಗಳ ಮಧ್ಯೆ ತೆಳು ಜೇಡಿ ಅಥವಾ ಸುಣ್ಣದ ಪಟ್ಟಿ ಕಂಡರೆ ಗುಂಡುಕಲ್ಲು ಬಿಟ್ಟು ಅದರ ಫೋಟೊ ಕಳಿಸಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು.