ಹೊಸ ಶಾಕ್ ಹಾಕಿಸಿದ ಮೇಲೆ ಕಾರು ಗಡುಸಾಗಿದ್ದಕ್ಕೆ

ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದ ಮೇಲೆ ಕಾರು ಮೊದಲಿಗಿಂತ ಗಡುಸಾಗಿದೆ, ಸಣ್ಣ ಗುಂಡಿಗೂ ಕುಲುಕುತ್ತದೆ ಎಂದಿದ್ದೀರಿ. ಸ್ವಲ್ಪ ಮಟ್ಟಿಗೆ ಅದು ಸಹಜವೇ. ಹಳೆಯವು ನಿಧಾನವಾಗಿ ಸೋಲುತ್ತವೆ, ಆ ತೇಲಾಟವನ್ನೇ ನಾವು ಮೆತ್ತಗಿನ ಸವಾರಿ ಅಂದುಕೊಂಡಿರುತ್ತೇವೆ. ಗ್ಯಾಸ್ ತುಂಬಿದ ಶಾಕ್ ಆಗಿದ್ದರೆ ಇನ್ನೂ ಬಿಗಿ ಅನ್ನಿಸಬಹುದು.

ಮೊದಲು ಟೈರ್ ಗಾಳಿ ನೋಡಿ. ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿದ್ದಾಗ. ಗ್ಯಾರೇಜಿನಲ್ಲಿ ಸುಮ್ನೆ ಜಾಸ್ತಿ ತುಂಬಿ ಕಳಿಸುವುದುಂಟು.

ಆಮೇಲೆ ಮೆಕ್ಯಾನಿಕ್‌ಗೆ ಒಂದು ಪ್ರಶ್ನೆ ಕೇಳಿಯೇ ಬಿಡಿ. ಕೆಲಸಕ್ಕೆಂದು ಲೋವರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಬೋಲ್ಟ್ ಸಡಿಲಿಸಿದ್ದರಾ? ಹಾಗಿದ್ದರೆ ಕೊನೆಯ ಬಿಗಿ ಕೊಡುವಾಗ ಕಾರು ಚಕ್ರದ ಮೇಲೆ ನಿಂತಿತ್ತಾ, ಜಾಕ್ ಮೇಲೆ ಚಕ್ರ ನೇತಾಡುತ್ತಿತ್ತಾ? ನೇತಾಡುವಾಗ ಬಿಗಿದರೆ ಕಾರು ಕೆಳಗಿಳಿದಾಗ ಆ ಆರ್ಮ್‌ನ ಕೀಲಿನಲ್ಲಿರುವ ರಬ್ಬರ್ ತುಂಡು, ಅಂದರೆ ಬುಷ್, ತಿರುಚಿಕೊಂಡೇ ಉಳಿಯುತ್ತದೆ. ಸವಾರಿಯೂ ಗಡುಸು, ಬುಷ್ ಕೂಡ ಬೇಗ ಹರಿಯುತ್ತದೆ. ಬೋಲ್ಟ್ ಸಡಿಲಿಸಿ, ಚಕ್ರದ ಮೇಲೆ ಭಾರ ಬಿಟ್ಟು ಮತ್ತೆ ಬಿಗಿದರೆ ಆಯಿತು. ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದೇ.

ಕುಲುಕಿನ ಜೊತೆ ಟಕ್ ಟಕ್ ಸದ್ದೂ ಇದ್ದರೆ ಮೇಲಿನ ಮೌಂಟ್, ಅಂದರೆ ಶಾಕ್‌ನ ಮೇಲ್ತುದಿಯನ್ನು ಕಾರಿನ ಬಾಡಿಗೆ ಹಿಡಿಸುವ ಭಾಗ, ನೋಡಿಸಿ. ಹಳೆಯದನ್ನೇ ಮತ್ತೆ ಹಾಕಿರಬಹುದು.

ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಜಾಸ್ತಿ ನಂಬಬೇಡಿ, ಅದರಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ನಿಮಗೆ ಗೊತ್ತಿರುವ ರಸ್ತೆಯಲ್ಲೇ ಓಡಿಸಿ. ಉಬ್ಬು ದಾಟಿದ ಮೇಲೆ ಮುಂಭಾಗ ಒಂದೇ ಸಲಕ್ಕೆ ಕೂತರೆ, ಬ್ರೇಕ್ ಒತ್ತಿದಾಗ ಮೂತಿ ಮೊದಲಿನಷ್ಟು ಬಾಗದಿದ್ದರೆ ಶಾಕ್ ಸರಿಯಾಗಿಯೇ ಇದೆ. ಹಿಂದಿನವು ಹಳೆಯವೇ ಅಲ್ವಾ? ಹಿಂಭಾಗ ಇನ್ನೂ ತೇಲುತ್ತಿದ್ದರೆ ಮುಂಭಾಗ ಇನ್ನಷ್ಟು ಬಿಗಿಯಾಗಿ ಕಾಣುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿಲ್ಲದಿದ್ದರೆ ಅದನ್ನೂ ಮುಗಿಸಿಬಿಡಿ.